ಪ್ಲಾಸ್ಟಿಕ್ಕೂ ಹೊಗೆಯೂ ಕೂಡಿದರೆ

ಪ್ಲಾಸ್ಟಿಕ್ಕಿನ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡುವವರು ಯಾರಾದರೂ ಇದ್ದರೆ ಅವನು ಗುಜರಿ ಅಂಗಡಿಯವನೇ ಸರಿ. ನೀರಿನ ಬಾಟಲಿ, ಮುರಿದ ಬಕೆಟ್ಟು, ತೊಳೆದು ಒಣಗಿಸಿದ ಹಾಲಿನ ಕವರು, ಎಣ್ಣೆಯ ಡಬ್ಬ ಮೊದಲಾದುವನ್ನು ಆತ ಬೇರೆಬೇರೆ ಚೀಲಗಳಿಗೆ ವಿಂಗಡಿಸಿ, ತಕ್ಕಡಿಗೆ ಹಾಕಿ, ಬೆಲೆ ಕಟ್ಟಿ ಕೊಳ್ಳುತ್ತಾನೆ. ಆದರೆ ಚಿಪ್ಸಿನ ಖಾಲಿ ಪೊಟ್ಟಣವನ್ನೋ ಶಾಂಪೂವಿನ ಸ್ಯಾಷೆಯನ್ನೋ ಚೀಲಗಟ್ಟಲೆ ಅವನ ಮುಂದೆ ಸುರಿದರೂ ಕಣ್ಣೆತ್ತಿ ನೋಡುವುದಿಲ್ಲ. ಅದು ಅವನ ಔದಾಸೀನ್ಯವಲ್ಲ. ಅಂಥ ಪೊಟ್ಟಣವೊಂದನ್ನು ಕತ್ತರಿಸಿ ಅಂಚನ್ನು ಉಗುರಿನಿಂದ ಬಿಡಿಸಿ ನೋಡಿದರೆ, ಹೊರಗೆ ಬಣ್ಣದ ಅಚ್ಚನ್ನು ಹೊತ್ತ ಪಾಲಿಪ್ರೊಪಿಲೀನಿನ ಪದರ, ಅದರ ಹಿಂದೆ ಕನ್ನಡಿಯ ಹೊಳಪಿನ ಅಲ್ಯೂಮಿನಿಯಮ್ ಲೇಪ, ಅದರೊಳಗೆ ಶಾಖ ತಗಲಿದೊಡನೆ ಅಂಟಿಕೊಳ್ಳತಕ್ಕ ಇನ್ನೊಂದು ಪದರ, ಹೀಗೆ ಮೂರು ಜಾತಿಯ ವಸ್ತುಗಳು ಒಂದಕ್ಕೊಂದು ಬೆಸೆದುಕೊಂಡಿರುವುದು ಕಾಣುತ್ತದೆ. ಕರಗಿಸಿದರೆ ಇವು ಒಂದಾಗುವುದಿಲ್ಲ; ಬಿಡಿಸುವ ಖರ್ಚು ವಸ್ತುವಿನ ಬೆಲೆಯನ್ನು ಮೀರುತ್ತದೆ. ಗುಜರಿಯವನು ಬೇಡವೆಂದದ್ದು ಚರಂಡಿಗೆ, ಕೆರೆಗೆ, ಊರ ಹೊರಗಿನ ತಿಪ್ಪೆಗೆ ಹೋಗುವುದು ಅನಿವಾರ್ಯವಾಗುತ್ತದೆ.

ಲೋಕದಲ್ಲಿ 2015ರವರೆಗೆ ತಯಾರಾದ ಪ್ಲಾಸ್ಟಿಕ್ಕೆಲ್ಲವೂ ಸುಮಾರು 830 ಕೋಟಿ ಟನ್ನೆಂದೂ, ಅದರಲ್ಲಿ ಕಸವಾಗಿ ಪರಿಣಮಿಸಿದ 630 ಕೋಟಿ ಟನ್ನಿನ ಪೈಕಿ ಮರುಬಳಕೆಗೆ ಬಂದದ್ದು ನೂರಕ್ಕೆ 9 ಭಾಗ ಮಾತ್ರವೆಂದೂ ಅಮೆರಿಕದ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ ಭಾರತದಲ್ಲಿ 2019–20ರ ಒಂದೇ ವರ್ಷ ಉತ್ಪನ್ನವಾದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 34.7 ಲಕ್ಷ ಟನ್ನು. ಇಷ್ಟೊಂದು ವಸ್ತು ಕಣ್ಣೆದುರಿಗೆ ಬಿದ್ದಿರುವಾಗ, ಅದನ್ನು ಸುಡದೆ, ಹೂಳದೆ, ಕಾರ್ಖಾನೆಯ ಹೊಗೆಕೊಳವೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನೊಡನೆಯೇ ಕೂಡಿಸಿ ಉಪಯುಕ್ತವಾದ ಅನಿಲವನ್ನಾಗಿ ಮಾಡಬಹುದೆಂಬ ಮಾತು ಕೇಳಿಬಂದರೆ, ಒಂದೇ ಬಾಣಕ್ಕೆ ಎರಡು ಹಕ್ಕಿಗಳು ಬಿದ್ದುವೆಂದು ಜನ ಹಿಗ್ಗುವುದು ಸಹಜ. ಮಾತು ಸುಳ್ಳಲ್ಲ. ಆದರೆ ರಸಾಯನಶಾಸ್ತ್ರ ಇದಕ್ಕೆ ಕೇಳುವ ಶುಲ್ಕವೆಷ್ಟೆಂಬುದನ್ನು ವಿಚಾರಿಸದೆ ಹಿಗ್ಗುವುದು ವಿವೇಕವಲ್ಲ.

ಕೈಚೀಲ, ಹಾಲಿನ ಕವರು ಮುಂತಾದುವುಗಳ ದ್ರವ್ಯವಾದ ಪಾಲಿಎಥಿಲೀನ್ ಎಂಬುದು ಇಂಗಾಲ ಮತ್ತು ಜಲಜನಕಗಳ ಅತಿದೀರ್ಘವಾದ ಸರಪಳಿ. ಪ್ರತಿಯೊಂದು ಕೊಂಡಿಯಲ್ಲಿಯೂ ಇಂಗಾಲದ ಒಂದು ಪರಮಾಣು, ಜಲಜನಕದ ಎರಡು. ಗಾಳಿಯಾಡದ ಪಾತ್ರೆಯಲ್ಲಿ ಸುಮಾರು 500 ಡಿಗ್ರಿಗಳವರೆಗೆ ಕಾಯಿಸಿದರೆ ಸರಪಳಿ ತುಂಡುತುಂಡಾಗಿ ಮೇಣ, ಎಣ್ಣೆ, ಅನಿಲಗಳಾಗುತ್ತದೆ. ಇದು ಉಷ್ಣವಿಭಜನೆ. ಹಾಗೆ ಹೊರಟ ಆವಿಯನ್ನು ಇನ್ನೂ ಹೆಚ್ಚು ಕಾವಿನಲ್ಲಿ ಇಂಗಾಲದ ಡೈಆಕ್ಸೈಡಿನೊಡನೆ ಬೆರೆಸಿ ತಕ್ಕ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ, ಡೈಆಕ್ಸೈಡ್ ತನ್ನಲ್ಲಿರುವ ಆಮ್ಲಜನಕದಲ್ಲಿ ಅರ್ಧವನ್ನು ಪ್ಲಾಸ್ಟಿಕ್ಕಿನ ಇಂಗಾಲಕ್ಕೆ ಬಿಟ್ಟುಕೊಟ್ಟು, ತಾನೂ ಅದೂ ಸಮಸಮವಾಗಿ ಮಾನಾಕ್ಸೈಡಾಗುತ್ತವೆ, ಜಲಜನಕ ಬಿಡುಗಡೆಯಾಗುತ್ತದೆ. ಮಾನಾಕ್ಸೈಡ್ ಮತ್ತು ಜಲಜನಕಗಳ ಈ ಮಿಶ್ರಣವೇ ಕಾರ್ಖಾನೆಯ ಭಾಷೆಯಲ್ಲಿ ಸಿನ್‌ಗ್ಯಾಸ್. ಇದನ್ನು ಉರಿಸಿ ಎಂಜಿನ್ನು ನಡೆಸಬಹುದು. ಉರಿಸದೆ ಮೆಥನಾಲ್, ಅಸೆಟಿಕ್ ಆಮ್ಲ, ಡೀಸೆಲ್ ಮೊದಲಾದುವನ್ನು ತಯಾರಿಸಲೂಬಹುದು. ಮೂಲ ಪ್ಲಾಸ್ಟಿಕ್ಕಿಗೆ ಅಂಟಿದ್ದ ಬಣ್ಣ, ಪದರ, ಜಾತಿಭೇದಗಳೆಲ್ಲ ಇಲ್ಲಿ ಬಹುಮಟ್ಟಿಗೆ ಅಳಿದುಹೋಗುವುದರಿಂದ, ಗುಜರಿಯವನು ತಿರಸ್ಕರಿಸಿದ ಪೊಟ್ಟಣಕ್ಕೂ ಪ್ರವೇಶ ದೊರೆಯುತ್ತದೆ. ಈ ವಿಧಾನದ ನಿಜವಾದ ಆಕರ್ಷಣೆ ಇದು.

ಇದರ ರಸಾಯನಶಾಸ್ತ್ರ ಹೊಸತೇನೂ ಅಲ್ಲ. ಕೆಂಪಗೆ ಕಾದ ಇಂಗಾಲದ ಮೇಲೆ ಡೈಆಕ್ಸೈಡ್ ಹಾಯ್ದರೆ ಮಾನಾಕ್ಸೈಡ್ ಆಗುತ್ತದೆಂಬ ಕ್ರಿಯೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬುಡುವಾರ್ ಅವರ ಹೆಸರನ್ನು ಹೊತ್ತಿದೆ. ಮೀಥೇನ್ ಅನಿಲವನ್ನು ಡೈಆಕ್ಸೈಡಿನಿಂದ ಪರಿವರ್ತಿಸುವ ಕ್ರಿಯೆಯನ್ನು ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ ಅವರು 1928ರಷ್ಟು ಹಿಂದೆಯೇ ಅಭ್ಯಾಸ ಮಾಡಿದ್ದರು. ನಮ್ಮ ನಾಡಿಗೂ ಈ ಕ್ರಿಯೆ ಅಪರಿಚಿತವಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅಲ್ಲಿನ ಊದುಕುಲುಮೆಗೆ ಇಂಧನ ಕಲ್ಲಿದ್ದಲಲ್ಲ, ಮಲೆನಾಡಿನ ಸೌದೆಯಿಂದ ಸುಟ್ಟ ಇದ್ದಿಲು. ಕುಲುಮೆಯ ಬುಡದಲ್ಲಿ ಇದ್ದಿಲು ಉರಿದು ಹುಟ್ಟಿದ ಡೈಆಕ್ಸೈಡು ಮೇಲಿನ ಕೆಂಡದ ಪದರವನ್ನು ಹಾಯುವಾಗ ಮಾನಾಕ್ಸೈಡಾಗಿ, ಆ ಮಾನಾಕ್ಸೈಡು ಕೆಮ್ಮಣ್ಣುಗುಂಡಿಯಿಂದ ಬಂದ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಉಳಿಸುತ್ತಿದ್ದಿತು. ಅದೇ ಕಾರ್ಖಾನೆಗೆ ಹೊಂದಿಕೊಂಡಂತೆ ಸೌದೆಯನ್ನು ಗಾಳಿಯಿಲ್ಲದೆ ಕಾಯಿಸಿ, ಇದ್ದಿಲಿನ ಜೊತೆಗೆ ಮೆಥನಾಲ್, ಅಸೆಟೇಟ್, ಡಾಂಬರು ತೆಗೆಯುವ ವಿಭಾಗವೂ ಇದ್ದಿತು. ಸೌದೆಯ ಜಾಗದಲ್ಲಿ ಪ್ಲಾಸ್ಟಿಕ್ಕನ್ನು ಇಟ್ಟರೆ ಇಂದಿನ ಉಷ್ಣವಿಭಜನೆಗೂ ಅದಕ್ಕೂ ತತ್ತ್ವದಲ್ಲಿ ಹೆಚ್ಚಿನ ಅಂತರವಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ರಸ್ತೆಗಳಲ್ಲಿ ಓಡಾಡಿದ ಇದ್ದಿಲು ಬಸ್ಸುಗಳ ವಿಷಯವನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಿಮೆ. ಬಸ್ಸಿನ ಹಿಂಭಾಗಕ್ಕೆ ಒಂದು ಕಬ್ಬಿಣದ ಪೀಪಾಯಿ. ಅದರ ತುಂಬ ಇದ್ದಿಲು. ಹೊರಡುವ ಮುನ್ನ ಕ್ಲೀನರನು ಬೆವರು ಸುರಿಸುತ್ತ ಹಿಡಿ ತಿರುಗಿಸಿ ಗಾಳಿ ಊದಿದ ಮೇಲೆ ಕೆಂಡವಾಗಿ, ಅನಿಲ ಹುಟ್ಟಿ, ಎಂಜಿನ್ನು ಕೆಮ್ಮುತ್ತ ಚಲಿಸುತ್ತಿದ್ದಿತು. ಏರಿನಲ್ಲಿ ಪ್ರಯಾಣಿಕರು ಇಳಿದು ನಡೆಯುವುದೂ ಉಂಟಾಗಿದ್ದಿತು. ಆ ಪೀಪಾಯಿಯಲ್ಲಿ ನಡೆಯುತ್ತಿದ್ದ ಮುಖ್ಯ ಕ್ರಿಯೆ ಬುಡುವಾರ್ ಕ್ರಿಯೆಯೇ. ಆದರೆ ಅಲ್ಲಿ ಊದುತ್ತಿದ್ದುದು ಬರಿಯ ಗಾಳಿಯಾದುದರಿಂದ, ಗಾಳಿಯ ಸಾರಜನಕವೆಲ್ಲ ಅನಿಲದೊಳಗೆ ಸೇರಿ ಸರಿಸುಮಾರು ಅರ್ಧದಷ್ಟು ಜಾಗವನ್ನು ನಿಷ್ಪ್ರಯೋಜಕವಾಗಿ ಆಕ್ರಮಿಸುತ್ತಿದ್ದಿತು. ಏರಿನಲ್ಲಿ ಬಸ್ಸಿಗೆ ಉಸಿರು ಸಾಲದಿದ್ದುದಕ್ಕೆ ಇದೊಂದು ಕಾರಣ. ಗಾಳಿಯ ಬದಲಿಗೆ ಶುದ್ಧವಾದ ಡೈಆಕ್ಸೈಡನ್ನು ಬಳಸಿದರೆ ಸಾರಜನಕದ ಈ ಕಾಟ ತಪ್ಪುತ್ತದೆ. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಚೂರುಗಳನ್ನು ಅನಿಲವಾಗಿಸುವ ಯಂತ್ರಗಳನ್ನು ಬೆಳೆಸಿ, ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯ ಮನೆಗಳಿಗೆ ಅದರಿಂದ ದೀಪ ಹಚ್ಚಿ ತೋರಿಸಿದ್ದೂ ಇದೇ ಪರಂಪರೆಗೆ ಸೇರಿದ ಕೆಲಸ.

ಈಗ ಪ್ರಯೋಗಶಾಲೆಗೆ ಬರೋಣ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಕಳೆದ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಎರಡು ಹಂತಗಳ ಉಪಕರಣವಿರುತ್ತದೆ: ಮೊದಲ ಹಂತದಲ್ಲಿ ಪ್ಲಾಸ್ಟಿಕ್ಕನ್ನು ಕಾಯಿಸಿ ಆವಿಯಾಗಿಸುತ್ತಾರೆ, ಎರಡನೆಯ ಹಂತದಲ್ಲಿ ಆ ಆವಿ ಡೈಆಕ್ಸೈಡಿನೊಡನೆ ಕೂಡಿ, ಸುಮಾರು 800 ಡಿಗ್ರಿಗಳ ಶಾಖದಲ್ಲಿ, ಅಲ್ಯೂಮಿನಾದ ಮೇಲೆ ಹರಡಿದ ನಿಕ್ಕಲ್, ಕೋಬಾಲ್ಟ್ ಮುಂತಾದ ಲೋಹಕಣಗಳನ್ನು ಹಾದುಹೋಗುತ್ತದೆ. ಬಾಟಲಿ, ಚೀಲ, ಪೆಟ್ಟಿಗೆ ಎಲ್ಲವೂ ಬೆರೆತ ಕಸದಿಂದಲೂ ಹೀಗೆ ಸಿನ್‌ಗ್ಯಾಸ್ ದೊರೆಯುತ್ತದೆಂಬುದು ಅಲ್ಲಿ ಸ್ಥಿರಪಟ್ಟಿತು. ಅಡ್ಡಿಯೂ ಅಲ್ಲಿಯೇ ಕಂಡುಬಂದಿತು. ನಿಕ್ಕಲ್ ಅಗ್ಗ, ಕೆಲಸದಲ್ಲಿ ಚುರುಕು. ಆದರೆ ಪ್ಲಾಸ್ಟಿಕ್ಕಿನ ಆವಿಯಲ್ಲಿರುವ ಇಂಗಾಲ ಮಸಿಯಾಗಿ ಅದರ ಮೇಲ್ಮೈಯ ಮೇಲೆ ಕುಳಿತು, ಕ್ರಿಯೆ ನಡೆಯಬೇಕಾದ ತಾಣಗಳನ್ನೇ ಮುಚ್ಚಿಬಿಡುತ್ತದೆ. ಒಲೆಯ ಮೇಲಿನ ಪಾತ್ರೆಯ ತಳ ಕರಿಹಿಡಿದರೆ ಗೃಹಿಣಿ ಬೂದಿ ಹಾಕಿ ಉಜ್ಜಬಲ್ಲಳು. ಕೊಳವೆಯೊಳಗಿನ ಕಣ್ಣಿಗೆ ಕಾಣದ ಲೋಹಕಣವನ್ನು ಹಾಗೆ ಉಜ್ಜಲಾಗದು. ಡೈಆಕ್ಸೈಡೇ ಆ ಮಸಿಯನ್ನು ತಿಂದು ಮಾನಾಕ್ಸೈಡಾಗಿಸುವುದೂ ಉಂಟು, ಆದರೆ ಮಸಿ ಕೂರುವ ವೇಗಕ್ಕೂ ಕರಗುವ ವೇಗಕ್ಕೂ ಸಮತೋಲ ಸಾಧಿಸುವುದು ಸುಲಭವಲ್ಲ. ಪ್ರಯೋಗಶಾಲೆಯಲ್ಲಿ ಗ್ರಾಮುಗಳ ಲೆಕ್ಕದಲ್ಲಿ ಸಾಗುವ ಕೆಲಸ ಕಾರ್ಖಾನೆಯ ಟನ್ನಿಗೆ ಏರಲು ತಡವರಿಸುತ್ತಿರುವುದು ಬಹುಮಟ್ಟಿಗೆ ಈ ಮಸಿಯಿಂದಲೇ.

ಇನ್ನು ಶುಲ್ಕದ ವಿಷಯ. ಓದುಗರು ಒಂದಿಷ್ಟು ಅಂಕಿಗಳನ್ನು ಸಹಿಸಬೇಕು. ಒಂದು ಕಿಲೋ ಪಾಲಿಎಥಿಲೀನನ್ನು ಪೂರ್ಣವಾಗಿ ಪರಿವರ್ತಿಸಲು ಸಿದ್ಧಾಂತದ ಪ್ರಕಾರ 3.14 ಕಿಲೋ ಡೈಆಕ್ಸೈಡ್ ಬೇಕು. ದೊರೆಯುವುದು 4 ಕಿಲೋ ಮಾನಾಕ್ಸೈಡ್ ಮತ್ತು 143 ಗ್ರಾಮ್ ಜಲಜನಕ, ಸಾಮಾನ್ಯ ಒತ್ತಡದಲ್ಲಿ ಸರಿಸುಮಾರು 4,800 ಲೀಟರು ಅನಿಲ. ಪ್ಲಾಸ್ಟಿಕ್ಕಿನ ಮೂರರಷ್ಟು ತೂಕದ ಹೊಗೆ ಒಂದೇ ಏಟಿಗೆ ಮಾಯವಾಯಿತೆಂದು ಜಾಹೀರಾತು ಬರೆಯುವವರಿಗೆ ಇದು ಹಬ್ಬದೂಟ. ಆದರೆ ಡೈಆಕ್ಸೈಡ್ ಎಂಬುದು ಉರಿಯುವುದೆಲ್ಲ ಉರಿದು ಮುಗಿದ ಮೇಲೆ ಉಳಿದ ವಸ್ತು. ಅದನ್ನು ಮತ್ತೆ ಉರಿಯಬಲ್ಲ ಸ್ಥಿತಿಗೆ ಏರಿಸಬೇಕಾದರೆ ಹೊರಗಿನಿಂದ ಶಕ್ತಿಯನ್ನು ತುಂಬದೆ ವಿಧಿಯಿಲ್ಲ. ಕಿಲೋ ಒಂದಕ್ಕೆ ಕ್ರಿಯೆಗೆಂದೇ ಹೀರಲ್ಪಡುವ ಉಷ್ಣ ಸುಮಾರು 14 ಮೆಗಾಜೂಲ್, ಎಂದರೆ ಆ ಪ್ಲಾಸ್ಟಿಕ್ಕನ್ನು ಸುಮ್ಮನೆ ಸುಟ್ಟಿದ್ದರೆ ಬರುತ್ತಿದ್ದ ಶಾಖದ ಮೂರರಲ್ಲೊಂದು ಭಾಗದ ಆಸುಪಾಸು. ವಿದ್ಯುತ್ತಿನ ಲೆಕ್ಕದಲ್ಲಿ ಇದು ಹತ್ತಿರಹತ್ತಿರ 4 ಯೂನಿಟ್. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಕಲ್ಲಿದ್ದಲಿನದೇ ಮೇಲುಗೈಯಾದುದರಿಂದ ಯೂನಿಟ್ ಒಂದಕ್ಕೆ ಸುಮಾರು 0.7 ಕಿಲೋ ಡೈಆಕ್ಸೈಡ್ ಹೊರಬೀಳುತ್ತದೆ. ನಾಲ್ಕು ಯೂನಿಟ್ಟಿಗೆ 2.8 ಕಿಲೋ ಆಯಿತು. ಕುಲುಮೆಯ ಗೋಡೆಯಿಂದ ಸೋರುವ ಶಾಖ, ಡೈಆಕ್ಸೈಡನ್ನು ಹೊಗೆಯಿಂದ ಬೇರ್ಪಡಿಸಿ ಶುದ್ಧಿಮಾಡುವ ಖರ್ಚು, ಕಸವನ್ನು ಒಣಗಿಸಿ ಕತ್ತರಿಸಿ ಸಾಗಿಸುವ ಖರ್ಚು ಇವನ್ನೆಲ್ಲ ಸೇರಿಸಿದರೆ, ನುಂಗಿದ ಹೊಗೆಗಿಂತ ಉಗುಳಿದ ಹೊಗೆಯೇ ಹೆಚ್ಚಾಗುವುದರಲ್ಲಿ ಸಂದೇಹವಿಲ್ಲ.

ಲೆಕ್ಕದ ಇನ್ನೊಂದು ಬದಿಯೂ ಇದೆ. ತಯಾರಾದ ಅನಿಲವನ್ನು ಎಂಜಿನ್ನಿನಲ್ಲಿಯೋ ಬಾಯ್ಲರಿನಲ್ಲಿಯೋ ಉರಿಸಿದರೆ, ಕೂಡಿಸಿದ ಡೈಆಕ್ಸೈಡೂ ಪ್ಲಾಸ್ಟಿಕ್ಕಿನಲ್ಲಿದ್ದ ಇಂಗಾಲವೂ ಒಟ್ಟಿಗೆ ಆಕಾಶಕ್ಕೆ ಏರುತ್ತವೆ; ಹೊಗೆಗೆ ದೊರೆತದ್ದು ಕೆಲವು ಗಂಟೆಗಳ ವಿಶ್ರಾಂತಿ ಮಾತ್ರ. ಆ ಅನಿಲದಿಂದ ರಾಸಾಯನಿಕ ದ್ರವ್ಯಗಳನ್ನು ಮಾಡಿದರೆ, ಅದಕ್ಕಾಗಿ ನೆಲದಿಂದ ಎತ್ತಬೇಕಾಗಿದ್ದ ಕಲ್ಲಿದ್ದಲು, ನೈಸರ್ಗಿಕ ಅನಿಲಗಳು ಅಷ್ಟರಮಟ್ಟಿಗೆ ಉಳಿಯುತ್ತವೆಂಬುದು ನಿಜ. ಹೀಗಿದ್ದರೂ ಪ್ರಮಾಣಜ್ಞಾನವನ್ನು ಕಳೆದುಕೊಳ್ಳಬಾರದು: ಲೋಕದಲ್ಲಿ ವರ್ಷಕ್ಕೆ ತಯಾರಾಗುವ ಸುಮಾರು 40 ಕೋಟಿ ಟನ್ ಪ್ಲಾಸ್ಟಿಕ್ಕಿನಲ್ಲಿ ಒಂದು ಚೂರನ್ನೂ ಬಿಡದೆ ಈ ಕುಲುಮೆಗೆ ಹಾಕಿದರೂ ಅದು ಕೇಳುವ ಡೈಆಕ್ಸೈಡು 120 ಕೋಟಿ ಟನ್ನಿನ ಸುಮಾರು, ಇಂಧನಗಳಿಂದ ನಾವು ವರ್ಷಂಪ್ರತಿ ಹೊರಬಿಡುವುದು 3,700 ಕೋಟಿ ಟನ್ನಿನ ಆಸುಪಾಸು. ಆದುದರಿಂದ ಈ ವಿಧಾನವನ್ನು ಹವಾಮಾನದ ಮದ್ದೆಂದು ಹೊಗಳುವುದು ಅತಿಶಯೋಕ್ತಿ. ಮರುಬಳಕೆಗೆ ಒಗ್ಗದ ಕಸಕ್ಕೆ ಒಂದು ಗತಿಯೆಂದು ಹೇಳುವುದಾದರೆ ಮಾತಿಗೆ ನೆಲೆಯುಂಟು.

ಡೈಆಕ್ಸೈಡಿಗೆ ಬದಲಾಗಿ ನೀರಾವಿಯನ್ನು ಬಳಸಿದರೇನೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನೀರಾವಿಯಿಂದ ಬರುವ ಅನಿಲದಲ್ಲಿ ಜಲಜನಕ ಎರಡು ಪಾಲು, ಮಾನಾಕ್ಸೈಡ್ ಒಂದು ಪಾಲು. ಮೆಥನಾಲಿಗೆ ಇದು ಹೇಳಿ ಮಾಡಿಸಿದ ಪ್ರಮಾಣ. ಡೈಆಕ್ಸೈಡಿನಿಂದ ಬರುವುದು ಅದರ ತಿರುಗುಮುರುಗು. ಅಸೆಟಿಕ್ ಆಮ್ಲದಂಥ, ಮಾನಾಕ್ಸೈಡನ್ನೇ ಹೆಚ್ಚಾಗಿ ಬಯಸುವ ಕೈಗಾರಿಕೆಗೂ ಕಬ್ಬಿಣದ ಅದಿರನ್ನು ಅಪಕರ್ಷಿಸುವ ಕೆಲಸಕ್ಕೂ ಇದು ಸಲ್ಲುತ್ತದೆ. ಎರಡನ್ನೂ ಹದವಾಗಿ ಬೆರೆಸಿ ಬೇಕಾದ ಪ್ರಮಾಣವನ್ನು ಪಡೆಯುವುದೇ ಜಾಣತನ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಅಂಟಿಕೊಳ್ಳುವ ವಿಷ ಅದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದಿರುವ ಸುದ್ದಿಯನ್ನು ಚಳಿಗಾಲದಲ್ಲಿ ನಾವು ಓದುವುದು ಇದರಿಂದಲೇ. ಇಂಥ ಅನಿಲವನ್ನು ವಾರ್ಡಿಗೊಂದು ಚಿಕ್ಕ ಘಟಕದಲ್ಲಿ ತಯಾರಿಸುತ್ತೇವೆಂಬ ಯೋಜನೆ ಯಾರಾದರೂ ತಂದರೆ ನನ್ನ ಮಟ್ಟಿಗೆ ಅದು ಒಪ್ಪತಕ್ಕದ್ದಲ್ಲ. ಅನಿಲವನ್ನು ನಿರ್ವಹಿಸಿ ಪಳಗಿದ ಕೈಗಳಿರುವ ದೊಡ್ಡ ಕಾರ್ಖಾನೆಯ ಆವರಣವೇ ಅದಕ್ಕೆ ತಕ್ಕ ಸ್ಥಳ.

ಅಂಥದೊಂದು ಆವರಣ ಜಪಾನಿನ ಕಾವಾಸಾಕಿಯಲ್ಲಿದೆ. ಅಲ್ಲಿ 2003ರಿಂದ ಮನೆಮನೆಯ ಪ್ಲಾಸ್ಟಿಕ್ ಕಸವನ್ನು, ದಿನಕ್ಕೆ 195 ಟನ್ನಿನ ಸಾಮರ್ಥ್ಯದಲ್ಲಿ, ಒಂದಾದ ಮೇಲೊಂದು ಎರಡು ಕುಲುಮೆಗಳಿಗೆ ಹಾಕಿ ಅನಿಲವಾಗಿಸುತ್ತಾರೆ. ಆ ಕುಲುಮೆಗಳಿಗೆ ಊಡುವುದು ಆಮ್ಲಜನಕ ಮತ್ತು ನೀರಾವಿ, ಡೈಆಕ್ಸೈಡಲ್ಲ. ಕಸದಲ್ಲಿ ಸ್ವಲ್ಪ ಭಾಗ ಉರಿದು ತನಗೆ ಬೇಕಾದ ಶಾಖವನ್ನು ತಾನೇ ಒದಗಿಸಿಕೊಳ್ಳುತ್ತದೆ. ಬರುವ ಜಲಜನಕ ಅಮೋನಿಯಾ ತಯಾರಿಕೆಗೆ ಹೋಗುತ್ತದೆ. ಕೊನೆಗೆ ಉಳಿಯುವ ಡೈಆಕ್ಸೈಡು ಡ್ರೈ ಐಸಾಗಿಯೂ ಸೋಡಾ ಪಾನೀಯಗಳ ನೊರೆಯಾಗಿಯೂ ಮಾರಾಟವಾಗುತ್ತದೆ. ಎರಡು ದಶಕಗಳಿಗೂ ಮಿಕ್ಕಿ ನಡೆದುಬಂದಿರುವುದರ ಗುಟ್ಟು ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ, ಕಾನೂನಿಗೆ ಕಟ್ಟುಬಿದ್ದು ಕಸವನ್ನು ಬೇರ್ಪಡಿಸಿಕೊಡುವ ಜಪಾನೀ ಗೃಹಸ್ಥರಲ್ಲಿಯೂ, ಅನಿಲವನ್ನು ಪಕ್ಕದಲ್ಲಿಯೇ ಕೊಳ್ಳಲು ಕಾದಿರುವ ಅಮೋನಿಯಾ ಕಾರ್ಖಾನೆಯಲ್ಲಿಯೂ ಇದೆಯೆಂದು ನಾನು ಭಾವಿಸುತ್ತೇನೆ. ಕೆನಡಾದ ಎಡ್ಮಂಟನ್ ನಗರದಲ್ಲಿ ಊರಿನ ಕಸವನ್ನು ಅನಿಲವಾಗಿಸಿ ಮೆಥನಾಲ್ ಮಾಡುವುದಕ್ಕೆಂದು ಸ್ಥಾಪಿತವಾದ ಘಟಕ ಬಹಳ ಹೆಸರು ಗಳಿಸಿದ್ದರೂ 2024ರಲ್ಲಿ ಬಾಗಿಲು ಹಾಕಿತು.

ಶಾಖದ ತಾಪತ್ರಯವೇ ಬೇಡ, ಬಿಸಿಲೇ ಸಾಕೆಂಬ ಇನ್ನೊಂದು ಪಂಥವೂ ಹುಟ್ಟಿದೆ. ಕೇಂಬ್ರಿಜ್ಜಿನಲ್ಲಿ ಎರ್ವಿನ್ ರೈಸ್ನರ್ ಅವರ ತಂಡ 2023ರ ಆರಂಭದಲ್ಲಿ ಪ್ರಕಟಿಸಿದ ಉಪಕರಣದಲ್ಲಿ ಎರಡು ಕೋಣೆಗಳು: ಬಿಸಿಲನ್ನು ಹೀರುವ ಪೆರೊವ್‌ಸ್ಕೈಟ್ ಫಲಕದ ನೆರವಿನಿಂದ ಒಂದು ಕೋಣೆಯಲ್ಲಿ ಡೈಆಕ್ಸೈಡು ಸಿನ್‌ಗ್ಯಾಸಾಗುತ್ತದೆ, ಇನ್ನೊಂದರಲ್ಲಿ ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಕಾಂತಿವರ್ಧಕಗಳಲ್ಲಿ ಬಳಸುವ ಗ್ಲೈಕಾಲಿಕ್ ಆಮ್ಲವಾಗುತ್ತದೆ. ಕಲ್ಪನೆ ಸೊಗಸಾದುದು, ಪ್ರಮಾಣ ಇನ್ನೂ ಮೇಜಿನ ಮೇಲಿನದು. ಅದೂ ಅಲ್ಲದೆ ಬಾಟಲಿಯನ್ನು ಗುಜರಿಯವನು ಈಗಾಗಲೇ ಕೊಳ್ಳುತ್ತಿದ್ದಾನೆ. ಅವನ ಅನ್ನಕ್ಕೆ ಸ್ಪರ್ಧಿಯಾಗುವುದಕ್ಕಿಂತ ಅವನು ಬಿಟ್ಟದ್ದನ್ನು ಎತ್ತಿಕೊಳ್ಳುವುದು ವಿಜ್ಞಾನಕ್ಕೆ ಹೆಚ್ಚಿನ ಶೋಭೆ.

ಎತ್ತಿಕೊಳ್ಳುವುದಕ್ಕೂ ಒಂದು ನಿಯಮವುಂಟು. ಪಿವಿಸಿ ಕೊಳವೆ, ರೆಕ್ಸಿನ್, ವೈರಿನ ಹೊದಿಕೆ ಇವುಗಳ ಮೂಲದ್ರವ್ಯದಲ್ಲಿ ನೂರಕ್ಕೆ 57 ಪಾಲು ಕ್ಲೋರೀನ್. ಕಾಯಿಸಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಕುಲುಮೆಯನ್ನೂ ಕೊಳವೆಯನ್ನೂ ತಿನ್ನುತ್ತದೆ, ನಿಕ್ಕಲನ್ನು ಕೆಡಿಸುತ್ತದೆ. ಅಜಾಗರೂಕತೆಯಿಂದ ತಣಿಸಿದರೆ ಡಯಾಕ್ಸಿನ್ ಎಂಬ ಘೋರ ವಿಷಗಳಿಗೆ ಎಡೆಗೊಡುತ್ತದೆ. ಎಂಥ ಕಸವಾದರೂ ಸರಿ, ಬೆರಕೆಯಾಗಿಯೇ ತನ್ನಿ ಎಂದು ಕರೆಯುವ ಯಂತ್ರವ್ಯಾಪಾರಿಯ ಮಾತನ್ನು ನಂಬಬಾರದು. ಹಸಿಕಸ, ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವ ಕರ್ತವ್ಯದಿಂದಾಗಲಿ, ಒಣಕಸ ಸಂಗ್ರಹಣ ಕೇಂದ್ರಗಳಲ್ಲಿ ಧೂಳು ಕುಡಿಯುತ್ತ ಆಯುವ ಕೈಗಳಿಗೆ ನ್ಯಾಯವಾದ ಕೂಲಿ ಕೊಡುವ ಕರ್ತವ್ಯದಿಂದಾಗಲಿ ಯಾವ ಕ್ರಿಯಾವರ್ಧಕವೂ ನಮ್ಮನ್ನು ಬಿಡುಗಡೆ ಮಾಡಲಾರದು.

ಕರ್ನಾಟಕದಲ್ಲಿ ಇಂಥ ಪ್ರಯೋಗಕ್ಕೆ ಒಪ್ಪುವ ನೆಲೆ ಯಾವುದೆಂದು ಕೇಳಿದರೆ, ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳನ್ನೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನೂ ತೋರಿಸಬೇಕೆನ್ನಿಸುತ್ತದೆ. ಸಿಮೆಂಟಿನ ಗೂಡಿನಲ್ಲಿ ಸುಣ್ಣದಕಲ್ಲು ಬೇಯುವಾಗ ಇಂಧನ ಯಾವುದಾದರೂ ಡೈಆಕ್ಸೈಡು ಹೊರಬರಲೇಬೇಕು. 1,400 ಡಿಗ್ರಿಗೂ ಮೀರಿದ ಆ ಗೂಡಿನಿಂದ ಹೊರಬೀಳುವ ಬಿಸಿಹೊಗೆಯಲ್ಲಿ ಒಂದು ಪಾಲು ಶಾಖ ವ್ಯರ್ಥವಾಗುತ್ತಲೂ ಇದೆ. ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕನ್ನು ಕಲ್ಲಿದ್ದಲಿಗೆ ಪರ್ಯಾಯವಾಗಿ ಸುಡುವ ಪದ್ಧತಿ ಸಿಮೆಂಟಿನವರಿಗೆ ಹೊಸತಲ್ಲ. ಉಕ್ಕಿನವರಿಗೆ ಮಾನಾಕ್ಸೈಡೇ ಬೇಕಾದ ಸರಕು. ಜಪಾನಿನ ಒಂದು ಉಕ್ಕಿನ ಕಾರ್ಖಾನೆ 1996ರಿಂದಲೇ ಪ್ಲಾಸ್ಟಿಕ್ ಚೂರನ್ನು ಊದುಕುಲುಮೆಗೆ ತೂರಿಸಲಾರಂಭಿಸಿತು. ಹೊಗೆ, ಶಾಖ, ಗಿರಾಕಿ ಮೂರೂ ಒಂದೇ ಆವರಣದಲ್ಲಿ ಸಿಗುವ ಕಡೆ ಈ ವಿಧಾನಕ್ಕೆ ಅರ್ಥವಿದೆ. ಈ ಮೂರನ್ನೂ ಲಾರಿಯಲ್ಲಿ ಹೊತ್ತು ತರಬೇಕಾದ ಕಡೆ ಇಲ್ಲ.

ಪ್ಲಾಸ್ಟಿಕ್ಕನ್ನು ಅನಿಲವಾಗಿಸಿಕೊಡುತ್ತೇವೆಂದು ನಿಮ್ಮ ನಗರಸಭೆಯ ಬಾಗಿಲಿಗೆ ಕಂಪನಿಯೊಂದು ಬಂದಲ್ಲಿ, ಕುಲುಮೆಯ ಕಾವು ಎಲ್ಲಿಂದ ಬರುತ್ತದೆ, ಹುಟ್ಟಿದ ಅನಿಲ ಯಾರ ಮನೆಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸಭೆಯಲ್ಲಿ ಎತ್ತುವಂತೆ ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಿ. ಅಂಕಿಅಂಶಸಹಿತವಾದ ಉತ್ತರ ಬರುವವರೆಗೆ ಒಪ್ಪಂದಕ್ಕೆ ರುಜು ಬೀಳಬಾರದು.